ಹತ್ತನೆಯ ಹಾಡು

ಎಲ್ಲಕ್ಕೂ ಕಾರಣ ಪೋಸ್ಟರಿನ ಕೊನೆಯ ಸಾಲು.

ಮಗ್ಗದಜ್ಜಿಯ ಹಳೆಯ ಆಲ್ಬಮ್ಮನ್ನು ನಲವತ್ತು ವರ್ಷಗಳ ಮೇಲೆ ಮತ್ತೆ ಹೊರತರುವುದೆಂದು ರೆಕಾರ್ಡು ಕಂಪನಿಯ ಯಜಮಾನರು ತೀರ್ಮಾನಿಸಿದ್ದರು. ನೇಯುವ ಹೆಂಗಸೊಬ್ಬಳು ಮಗ್ಗದ ಮುಂದೆ ಕೂತು, ಅದರ ಸದ್ದನ್ನೇ ತಾಳ ಮಾಡಿಕೊಂಡು ಹಾಡಿದ ಒಂಬತ್ತು ಹಾಡುಗಳು. ಆ ಕಾಲದಲ್ಲಿ ಅವುಗಳನ್ನು ಗುನುಗದ ಮನೆಯೇ ಇರಲಿಲ್ಲ. ಪೋಸ್ಟರಿನ ಕರಡು ಬಂದಾಗ ಒಂಬತ್ತು ಹೆಸರು ಮುಗಿದ ಮೇಲೂ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಉಳಿದಿತ್ತು. ಖಾಲಿ ಜಾಗ ಕಂಡರೆ ಯಜಮಾನರಿಗೆ ಕೈ ತುರಿಸುತ್ತದೆ. ‘ಜೊತೆಗೆ, ಇದುವರೆಗೂ ಯಾರೂ ಕೇಳದ ಹತ್ತನೆಯ ಹಾಡು’ ಎಂದು ಸೇರಿಸಿ ಊರೆಲ್ಲ ಅಂಟಿಸಿಬಿಟ್ಟರು. ಅದು ಯಾವ ಹಾಡೆಂದು ಅವರಿಗೂ ಗೊತ್ತಿರಲಿಲ್ಲ. ಆ ಮಟ್ಟಿಗೆ ಪೋಸ್ಟರು ಸುಳ್ಳು ಹೇಳಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಯಜಮಾನರು ಟೇಪು ಕೋಣೆಗೆ ಬಂದು ಬಾಗಿಲಲ್ಲೇ ನಿಂತರು.

“ಕಿವಿಯಪ್ಪ, ಅಜ್ಜಿ ಹಾಡು ಇನ್ನೂ ಏನಾದ್ರೂ ಉಳಿದಿದೆಯಾ?”

“ಮೂರಿದೆ ಸಾರ್. ಆಗ ಬಿಟ್ಟುಹೋಗಿದ್ದು.”

“ಅದ್ರಲ್ಲಿ ಒಂದು ಆರಿಸಿ ಇಡು. ಐದು ಗಂಟೆಗೆ ರೆಕಾರ್ಡು ಒತ್ತೋ ಕಾರ್ಖಾನೆಯವನು ಬರ್ತಾನೆ.”

ಅಷ್ಟು ಹೇಳಿ ಅವರು ಹೋದರು. ಕಿವಿಯಪ್ಪ ಕುಡಿಯುತ್ತಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟ.

ಕಿವಿಯಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸು ಇಟ್ಟಿದ್ದು. ಇಪ್ಪತ್ತೆರಡು ವರ್ಷದಿಂದ ಟೇಪು ಕೋಣೆಯಲ್ಲಿದ್ದಾನೆ. ಎರಡು ಕ್ಷಣ ಟೇಪು ತಿರುಗಿಸಿದರೆ ಸಾಕು, ಹಾಡಿದವರು ನಿಂತಿದ್ದರೋ ಕೂತಿದ್ದರೋ, ಕೋಣೆಯ ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಹೇಳಬಲ್ಲ. ದೇವರು ಅವನಿಗೆ ಇಬ್ಬರಿಗಾಗುವಷ್ಟು ಕಿವಿ ಕೊಟ್ಟು, ಆ ಲೆಕ್ಕವನ್ನು ಬಾಯಿಯಲ್ಲಿ ಸರಿದೂಗಿಸಿದ್ದ. ಎದುರಿಗೆ ನಿಂತವರಿಗೆ ‘ಇಲ್ಲ’ ಅನ್ನುವುದು ಅವನಿಂದ ಆಗದ ಕೆಲಸ. ಅಂಥವನಿಗೆ ಮೂರರಲ್ಲಿ ಎರಡನ್ನು ಬೇಡವೆನ್ನುವ ಕೆಲಸ ಬಂದಿತ್ತು.

ರೀಲಿನ ಪೆಟ್ಟಿಗೆ ಕಪಾಟಿನ ತೀರಾ ಕೆಳಗಿನ ಅರೆಯಲ್ಲಿತ್ತು. ಕುಕ್ಕರಗಾಲಿನಲ್ಲಿ ಕೂತು ಎಳೆದ. ಪೆಟ್ಟಿಗೆ ಬಂತು. ಜೊತೆಗೆ ‘ಪರ್ರ್’ ಎಂಬ ಸದ್ದೂ ಬಂತು. ಯಾವ ಸದ್ದು ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಪ್ಯಾಂಟಿನ ಹಿಂಭಾಗ ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಆದರೂ ಕೂತಲ್ಲೇ ಮೂರು ಹಾಡನ್ನೂ ಕೇಳಿದ. ಮೊದಲನೆಯದು ನೂಲಿನ ಹಾಡು. ಕಡಿದ ಎಳೆಯನ್ನು ಗಂಟು ಹಾಕುತ್ತ ಹಾಡುವುದು. ಎರಡನೆಯದು ಜೋಗುಳ, ನಡುವೆ ನಿಜವಾಗಿಯೂ ಒಂದು ಮಗು ಅಳುತ್ತದೆ. ಮೂರನೆಯದು ಸೊಸೆ ಅತ್ತೆಯನ್ನು ಆಡಿಕೊಳ್ಳುವ ಹಾಡು. ಹಾಡುತ್ತ ಹಾಡುತ್ತ ಹಾಡಿದವಳಿಗೇ ನಗು ತಡೆಯದೆ ಎರಡು ಸಲ ಹಾಡು ನಿಂತುಹೋಗುತ್ತದೆ. ಆ ಗಂಟಲು ಎಂಥದೆಂದರೆ, ಒಂದು ಪದವನ್ನೂ ಒತ್ತಿ ಹೇಳುವುದಿಲ್ಲ, ಆದರೆ ಒಂದು ಪದವೂ ಕೇಳಿದವನ ಕೈಜಾರಿ ಬೀಳುವುದಿಲ್ಲ. ಮೂರೂ ಮುಗಿದಾಗ ಕಿವಿಯಪ್ಪನಿಗೆ ಪ್ಯಾಂಟು ಹರಿದದ್ದು ಮರೆತೇಹೋಗಿತ್ತು.

ನೆನಪಿಸಿದವರು ಸೌಂಡ್ ಎಂಜಿನಿಯರು. ಹೆಡ್‌ಫೋನನ್ನು ಕುತ್ತಿಗೆಗೆ ಮಾಲೆಯಂತೆ ಹಾಕಿಕೊಂಡು ಒಳಗೆ ಬಂದವರು, “ಹಿಂದುಗಡೆ ಗಾಳಿ ಆಡ್ತಿದೆಯಲ್ಲಪ್ಪ” ಅಂದು, ಉತ್ತರಕ್ಕೆ ಕಾಯದೆ, “ಹತ್ತನೇದು ನೂಲಿನ ಹಾಡು ತಾನೇ? ಒಂದು ಸೊಳ್ಳೆ ಸದ್ದೂ ಇಲ್ಲ ಅದ್ರಲ್ಲಿ. ಜೋಗುಳದಲ್ಲಿ ಮಗು ಕಿರುಚತ್ತೆ, ಇನ್ನೊಂದ್ರಲ್ಲಿ ಆಯಮ್ಮ ನಗ್ತಾಳೆ. ನನ್ನ ಮರ್ಯಾದೆ ಪ್ರಶ್ನೆ ಇದು” ಅಂದರು.

“ಸರಿ ಸಾರ್,” ಅಂದ ಕಿವಿಯಪ್ಪ.

ಪತ್ರಿಕೆಯೊಂದನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಅವನು ಮೆಟ್ಟಿಲಿಳಿಯುವಾಗ, ಆಲ್ಬಮ್ಮಿನ ಹೊದಿಕೆಯ ಚಿತ್ರ ಬರೆಯುವ ಮೇಡಂ ಎದುರಾದರು. ಕೈಯಲ್ಲಿ ಇನ್ನೂ ಹಸಿಯಿದ್ದ ಚಿತ್ರ. ಮೂಲೆಯಲ್ಲೊಂದು ತೊಟ್ಟಿಲು.

“ಜೋಗುಳ ಅಂತ ಕೇಳ್ಪಟ್ಟೆ, ಬರೆದುಬಿಟ್ಟೆ. ಚೆನ್ನಾಗಿದೆಯಾ?”

“ಯಾರು ಹೇಳಿದ್ರು ಮೇಡಂ?”

“ಯಾರೋ ಹೇಳಿದ್ರು. ನಾನೇ ಇರ್ಬೇಕು. ಈಗ ತೊಟ್ಟಿಲು ಅಳಿಸಿದ್ರೆ ಕಾಗದ ತೂತಾಗತ್ತೆ ಕಿವಿಯಪ್ಪ. ಇಡೀ ಚಿತ್ರ ಮೂರು ದಿನದ ಕೆಲಸ.”

ತೊಟ್ಟಿಲು ನಿಜವಾಗಿಯೂ ಚೆನ್ನಾಗಿತ್ತು. “ಇರ್ಲಿ ಮೇಡಂ, ಅಳಿಸ್ಬೇಡಿ,” ಅಂದ ಅವನು.

ಕೆಳಗಿನ ಮಳಿಗೆ ಟೈಲರನದು. ಅವನ ತಲೆಯ ಮೇಲೇ ಟೇಪು ಕೋಣೆ, ಆದ್ದರಿಂದ ಕಂಪನಿಯ ಹಾಡುಗಳೆಲ್ಲ ಊರಿಗಿಂತ ಮೊದಲು ಅವನಿಗೆ ಗೊತ್ತು. ಕಿವಿಯಪ್ಪನನ್ನು ಪರದೆಯ ಹಿಂದೆ ನಿಲ್ಲಿಸಿ, ಪ್ಯಾಂಟು ಬಿಚ್ಚಿಸಿಕೊಂಡು, ಒಂದು ತುಂಡು ಬಟ್ಟೆ ಸುತ್ತಿಕೊಳ್ಳಲು ಕೊಟ್ಟ. ಅದು ಯಾರದೋ ಮನೆಯ ಪರದೆಗೆಂದು ಬಂದ ಬಟ್ಟೆ, ಮೈತುಂಬ ದೊಡ್ಡ ದೊಡ್ಡ ಸೂರ್ಯಕಾಂತಿ.

“ಬೆಳಿಗ್ಗೆ ಅತ್ತೆ ಹಾಡು ಕೇಳಿಸ್ತಲ್ಲಣ್ಣ,” ಅಂದ ಟೈಲರು, ದಾರ ಪೋಣಿಸುತ್ತ. “ಅಂಗಡೀಲಿದ್ದ ನಾಲ್ಕು ಜನ ಹೆಂಗಸ್ರು ಅಳತೆ ಕೊಡೋದು ಬಿಟ್ಟು ನಗ್ತಾ ನಿಂತ್ಬಿಟ್ರು. ಅದನ್ನೇ ಹಾಕೋದು ತಾನೇ?”

“ಅದು... ಇನ್ನೂ ಯೋಚನೆ...”

ಹೊಲಿಗೆ ಯಂತ್ರ ನಿಂತಿತು. ಟೈಲರು ಪ್ಯಾಂಟನ್ನು ಮಡಿಸಿ ಮೇಲಿನ ಹಲಗೆಗಿಟ್ಟು, ಅದರ ಮೇಲೆ ಕತ್ತರಿ ಇಟ್ಟ.

“ಯೋಚನೆ ಮಾಡಣ್ಣ. ನನಗೇನೂ ಅವಸರ ಇಲ್ಲ.”

ಐದು ನಿಮಿಷ ಸೂರ್ಯಕಾಂತಿಗಳ ನಡುವೆ ನಿಂತು ಯೋಚಿಸಿದ ಕಿವಿಯಪ್ಪ, “ಅದನ್ನೇ ಹಾಕೋಣ” ಅಂದ. ಯಂತ್ರ ಮತ್ತೆ ಓಡಿತು.

ಹನ್ನೊಂದು ಗಂಟೆಗೆ ಮೂರು ಹಾಡೂ ಮೂವರಿಗೆ ಹಂಚಿಹೋಗಿದ್ದವು. ಹನ್ನೊಂದೂಕಾಲಿಗೆ ಮೂವರೂ ಮೆಟ್ಟಿಲ ಮೇಲೆ ಭೇಟಿಯಾದರು.

ಆಮೇಲಿನದನ್ನು ವಿವರಿಸುವುದಕ್ಕಿಂತ, ಎರಡನೆಯ ಮಹಡಿಯ ಹಲ್ಲಿನ ಡಾಕ್ಟರು ರೋಗಿಯನ್ನು ಬಾಯಿ ತೆರೆದಂತೆಯೇ ಬಿಟ್ಟು ನೋಡಲು ಬಂದರು ಅಂದರೆ ಸಾಕು. ಮೂವರ ಬೆರಳೂ ಕಿವಿಯಪ್ಪನ ಕಡೆಗೆ ತಿರುಗಿದ್ದವು. “ನಂಗೆ ಹೇಳಿದ್ದಾನೆ”, “ನನಗೇ ಹೇಳಿದ್ದು”, “ಪ್ಯಾಂಟು ಸಾಕ್ಷಿ ಇದೆ”.

ಕಿವಿಯಪ್ಪನಿಗೆ ಗೋಡೆಯೊಳಗೆ ಹೂತುಹೋದರೆ ಸಾಕೆನಿಸಿತು. ಆಗ ಅವನ ಬಾಯಿಂದ ಅವನಿಗೇ ಗೊತ್ತಿಲ್ಲದಂತೆ ಒಂದು ಮಾತು ಬಂತು. “ಅಜ್ಜೀನೇ ಕೇಳೋಣ.”

ಒಬ್ಬರನ್ನೇ ಕಳಿಸುವಷ್ಟು ನಂಬಿಕೆ ಯಾರಿಗೂ ಉಳಿದಿರಲಿಲ್ಲ. ಟೈಲರು ಅಂಗಡಿಗೆ ‘ಈಗ ಬಂದೆ’ ಎಂಬ ಹಲಗೆ ತಗುಲಿಸಿದ. ಮೇಡಂ ತಮ್ಮ ಪುಟ್ಟ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಎಂಜಿನಿಯರು ಮತ್ತು ಟೈಲರ ನಡುವೆ, ಟೇಪು ಯಂತ್ರವನ್ನು ಹಟಮಾರಿ ಮಗುವಿನಂತೆ ತೊಡೆಯ ಮೇಲೆ ಹೊತ್ತು ಕಿವಿಯಪ್ಪ ಕೂತ. ದಾರಿಯುದ್ದಕ್ಕೂ ಜಗಳ ಮುಂದುವರಿಯಿತು.

ನೇಕಾರರ ಬೀದಿಯ ಕೊನೆಯಲ್ಲಿ ಅಜ್ಜಿಯ ಮನೆ. ಒಳಗಿನಿಂದ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಎಪ್ಪತ್ತೆಂಟು ವರ್ಷದ ಅಜ್ಜಿ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಕೈಯಿಂದ ಕೈಗೆ ನೂಲು ಹೊತ್ತ ಲಾಳಿ ಓಡುತ್ತಿತ್ತು.

“ಬನ್ನಿ, ಕೂತ್ಕೊಳ್ಳಿ. ಈ ಅಂಚು ಮುಗಿಸಿಬಿಡ್ತೀನಿ,” ಅಂದರು, ತಲೆಯೆತ್ತದೆ.

ಅಂಚು ಮುಗಿಯಿತು. ಕಿವಿಯಪ್ಪ ಬಂದ ಕಾರಣ ಹೇಳಿ ನೂಲಿನ ಹಾಡು ಹಾಕಿದ. ಅಜ್ಜಿ ಕಣ್ಣು ಮುಚ್ಚಿ ಕೇಳಿದರು. ಎಂಜಿನಿಯರು ಆಗಲೇ ಗೆದ್ದವರಂತೆ ಕಾಲಮೇಲೆ ಕಾಲು ಹಾಕಿದರು.

“ಅವತ್ತು ನಂಗೆ ನೆಗಡಿ,” ಅಂದರು ಅಜ್ಜಿ. “ನೋಡಿ, ‘ನೂಲು’ ಅನ್ನೋ ಕಡೆಯೆಲ್ಲ ‘ಡೂಲು’ ಅಂದಿದೀನಿ.”

ಎಂಜಿನಿಯರು ಹೆಡ್‌ಫೋನು ಹಾಕಿಕೊಂಡು ಮತ್ತೆ ಕೇಳಿದರು. ಅವರ ಮುಖ ನಿಧಾನವಾಗಿ ಇಳಿಯಿತು. ಹನ್ನೆರಡು ಕಡೆ ಡೂಲು ಇತ್ತು.

ಜೋಗುಳದ ಸರದಿ. ಮಗು ಅತ್ತಿತು. “ಅದು ನನ್ನ ಮಗಳು,” ಅಂದರು ಅಜ್ಜಿ. “ಹಸಿವಾಗಿ ಅತ್ತಿದ್ದಲ್ಲ. ನಾನು ಆ ಸಾಲಲ್ಲಿ ಶ್ರುತಿ ತಪ್ಪಿದೆ, ಅದಕ್ಕೆ ಅತ್ಲು.” ಮೇಡಂ ತಮ್ಮ ಚಿತ್ರವನ್ನು ಮೆಲ್ಲಗೆ ಸುತ್ತಿಟ್ಟುಕೊಂಡರು.

ಅತ್ತೆಯ ಹಾಡು ಶುರುವಾದದ್ದೇ ತಡ, ಅಜ್ಜಿ ಗಾಬರಿಯಿಂದ ಕೈ ಚಾಚಿ ಯಂತ್ರದ ಸದ್ದು ತಗ್ಗಿಸಿದರು.

“ಇದನ್ನ ನಮ್ಮತ್ತೆ ಇರೋವರ್ಗೂ ಹೊರಗೆ ಬಿಡ್ಬೇಡಿ ಅಂತ ಆಗ್ಲೇ ಹೇಳಿದ್ದೆ.”

ಟೈಲರು ಮುಖದಲ್ಲಿ ದುಃಖ ತಂದುಕೊಂಡು, “ಅವರು ಹೋಗಿ ಎಷ್ಟು ವರ್ಷ ಆಯ್ತಮ್ಮ?” ಅಂದ.

“ಎಲ್ಲಿಗೆ ಹೋಗಿ? ಒಳಗಡೆ ಮಲಗಿದ್ದಾರೆ.”

ಒಳಕೋಣೆಯಿಂದ ಕಂಚಿನ ಪಾತ್ರೆ ಉರುಳಿದಂಥ ದನಿ ಬಂತು. “ಯಾರೇ ಅದು, ನನ್ನ ಆಡ್ಕೊಳ್ತಿರೋದು?”

“ರೇಡಿಯೋ, ಅತ್ತೆ,” ಅಂದರು ಅಜ್ಜಿ.

“ರೇಡಿಯೋದವರಿಗೂ ನನ್ನ ವಿಷ್ಯ ಗೊತ್ತಾಯ್ತಾ?”

ತೊಂಬತ್ತೇಳು ವರ್ಷ ಅವರಿಗೆ, ಕಿವಿ ಮಾತ್ರ ಇನ್ನೂ ಹದಿನೇಳರದು, ಎಂದು ಅಜ್ಜಿ ಪಿಸುಗುಟ್ಟಿದರು. ಟೈಲರು ಬಾಗಿಲಿಗೆ ಹತ್ತಿರವಾಗಿ ಕೂತ.

ಮೂರೂ ಹೋದವು. ಗೋಡೆಯ ಗಡಿಯಾರದಲ್ಲಿ ಎರಡೂವರೆ. ಕಿವಿಯಪ್ಪ ಎರಡು ಸಲ ಬಾಯಿ ತೆರೆದು ಮುಚ್ಚಿ, ಮೂರನೆಯ ಸಲಕ್ಕೆ ಹೇಳಿದ. “ಹಾಗಾದ್ರೆ ಈಗ ಒಂದು ಹಾಡ್ತೀರಾ ಅಮ್ಮ?”

ಅಜ್ಜಿ ಅವನನ್ನೊಮ್ಮೆ ನೋಡಿ ಮಗ್ಗಕ್ಕೆ ತಿರುಗಿದರು. ಎಂಜಿನಿಯರು ಚೀಲದಿಂದ ಸಣ್ಣ ಮೈಕು ತೆಗೆದರು; ಬೇರೆಯವರು ಬಾಚಣಿಗೆ ಇಟ್ಟುಕೊಂಡಂತೆ ಅವರು ಅದನ್ನು ಸದಾ ಇಟ್ಟುಕೊಂಡಿರುತ್ತಾರೆ. ಲಾಳಿ ಒಂದೆರಡು ಸಲ ಹೋಗಿ ಬಂತು. ಆಮೇಲೆ ಹಾಡು ಬಂತು.

ಎಡಗೈ ಎಸೆದದ್ದ ಬಲಗೈ ಹಿಡಿದೀತು
ನಡುವೆ ಹೋದದ್ದು ನನ ಹರೆಯ, ಲಾಳಿಯೆ
ಬಟ್ಟೆಯ ತುಂಬ ಅದೆ ಹಾದಿ

ದನಿ ಹಳೆಯ ಟೇಪಿನದಲ್ಲ. ತೆಳುವಾಗಿತ್ತು, ಕೆಳಗಿಳಿದಿತ್ತು, ಅಲ್ಲಲ್ಲಿ ಸವೆದಿತ್ತು. ಆದರೆ ನಲವತ್ತು ವರ್ಷದ ಹಿಂದೆ ಹಾಡುವಾಗ ಇದ್ದ ಅಷ್ಟಿಷ್ಟು ಅಲಂಕಾರವೂ ಉದುರಿಹೋಗಿ, ಹೇಳಬೇಕಾದದ್ದು ಮಾತ್ರ ಉಳಿದಿತ್ತು. ಸವೆದ ಕಡೆಯಲ್ಲೂ ಎಳೆ ಕಡಿಯಲಿಲ್ಲ. ಎಂಜಿನಿಯರು ಮೈಕು ಹಿಡಿದ ಕೈಯನ್ನು ಅಲ್ಲಾಡಿಸದೆ, ಕಣ್ಣೊರೆಸಿಕೊಳ್ಳಲೂ ಆಗದೆ ಕೂತಿದ್ದರು. ಮೇಡಂ ನೆಲ ನೋಡುತ್ತಿದ್ದರು. ಟೈಲರು ಮಗ್ಗದ ತಾಳಕ್ಕೆ ಪಾದ ತುಳಿಯುತ್ತಿದ್ದ, ತನಗೇ ಅರಿವಿಲ್ಲದೆ.

ಹಾಡು ನಿಂತಾಗ ಒಳಗಿನಿಂದ ಆ ದನಿ ಬಂತು. “ಮೂರನೇ ಸಾಲಲ್ಲಿ ಉಸಿರು ಇನ್ನಷ್ಟು ಹಿಡೀಬೇಕಿತ್ತು.” ಸ್ವಲ್ಪ ಹೊತ್ತು ಬಿಟ್ಟು, “ಚೆನ್ನಾಗಿತ್ತು ಕಣೇ.”

ಅಜ್ಜಿಯ ಕೈಯಲ್ಲಿ ಲಾಳಿ ಹಾಗೇ ಉಳಿಯಿತು. “ಮದುವೆಯಾಗಿ ಬಂದು ಅರವತ್ತು ವರ್ಷ,” ಅಂದರು ಮೆಲ್ಲಗೆ. “ಇದೇ ಮೊದಲು.”

ವಾಪಸು ಬರುವಾಗ ಕಾರಿನಲ್ಲಿ ಜಗಳವೇ ಇರಲಿಲ್ಲ. “ಇದರ ಮುಂದೆ ನಮ್ಮದು ಯಾವುದೂ ನಿಲ್ಲಲ್ಲ,” ಅಂದರು ಎಂಜಿನಿಯರು. ಇನ್ನಿಬ್ಬರೂ ತಲೆಯಾಡಿಸಿದರು. ಕಿವಿಯಪ್ಪನಿಗೆ ತೊಡೆಯ ಮೇಲಿನ ಯಂತ್ರವೂ ಹಗುರವೆನಿಸಿತು.

ನಾಲ್ಕೂವರೆಗೆ ಯಜಮಾನರು ಆ ಹಾಡು ಕೇಳಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರು. ಕಿವಿಯಪ್ಪ ಚೀಟಿಯ ಮೇಲೆ ‘ಹತ್ತು’ ಎಂದು ಬರೆದು ಅಂಟು ಹಚ್ಚಿದ. ಯಜಮಾನರು ಅವನ ಕೈಯಿಂದ ಚೀಟಿ ಕಿತ್ತುಕೊಂಡರು.

“ಇಂಥಾದ್ದನ್ನ ಕೊನೇಲಿ ಬಾಲದ ಥರ ಅಂಟಿಸೋದಾ? ಇದು ಹೊಸ ಆಲ್ಬಮ್ಮಿನ ಮೊದಲನೇ ಹಾಡು. ಅಜ್ಜಿ ಹೊಸ ಆಲ್ಬಮ್ಮು ಮಾಡ್ತಾರೆ, ನಾವು ಮಾಡಿಸ್ತೀವಿ.”

ಎಲ್ಲರೂ ಹೌದುಹೌದೆಂದರು.

“ಸರಿ, ಈಗ ಹತ್ತನೇದು ಯಾವುದು?” ಅಂದರು ಯಜಮಾನರು.

ಕಿವಿಯಪ್ಪ ಎಂಜಿನಿಯರ ಮುಖ ನೋಡಿದ. “ಡೂಲು ಬೇಡಪ್ಪ,” ಅಂದರು ಅವರು. ಮೇಡಂ ಕಡೆ ನೋಡಿದ. “ಆ ತಪ್ಪು ಸ್ವರ ಕೇಳಿದಾಗಿಂದ ತಲೇಲಿ ಕೂತಿದೆ,” ಅಂದರು. ಟೈಲರು ಕೇಳುವ ಮೊದಲೇ ಕೈ ಮುಗಿದ. ಬೆಳಿಗ್ಗೆ ಮೂರು ಹಾಡಿಗೆ ಮೂವರು ವಕೀಲರಿದ್ದರು, ಈಗ ಮೂರೂ ದಿಕ್ಕಿಲ್ಲದವು. ಕೆಳಗೆ ಕಾರ್ಖಾನೆಯ ಗಾಡಿ ಹಾರ್ನು ಹಾಕಿತು.

ಬಾಗಿಲಿಗೆ ಕಾರ್ಖಾನೆಯವನು ಬಂದು ನಿಂತ. ಎಲ್ಲರೂ ಕಿವಿಯಪ್ಪನನ್ನೇ ನೋಡುತ್ತಿದ್ದರು. ಬೇರೆ ದಾರಿಯೇ ಇಲ್ಲವೆಂದು ತಿಳಿದಾಗ ಅವನಿಗೊಂದು ವಿಚಿತ್ರವಾದ ಧೈರ್ಯ ಬಂತು.

“ಜೋಗುಳ ಹಾಕಿ,” ಅಂದ. “ಅಜ್ಜಿ ಶ್ರುತಿ ತಪ್ಪಿದ್ದು ನಿಜ, ಮಗು ಅತ್ತಿದ್ದೂ ನಿಜ. ಆದ್ರೆ ಮುಂದೆ ಕೇಳಿ. ಅವರು ನಿಲ್ಲಿಸಲ್ಲ, ಬೇಜಾರಾಗಲ್ಲ, ಅದೇ ಸಾಲಿಗೆ ಮತ್ತೆ ಬಂದು, ಕೂದಲೆಳೆಯಷ್ಟು ಮೇಲಕ್ಕೆ ಸರಿಸಿ ಹಾಡ್ತಾರೆ. ಅದೇ ಜಾಗದಲ್ಲಿ ಮಗು ಸುಮ್ಮನಾಗತ್ತೆ. ಆಮೇಲೆ ಮಗು ಉಸಿರು ಕೂಡ ಹಾಡಿನ ತಾಳಕ್ಕೇ ಇದೆ. ಇಂಥ ಜೋಗುಳ ಇನ್ನೊಂದು ಎಲ್ಲೂ ಸಿಗಲ್ಲ ಸಾರ್. ನಿಜವಾಗ್ಲೂ ಒಂದು ಮಗು ಮಲಗೋದು ಕೇಳಿಸತ್ತೆ.”

ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಟೇಪು ಹಾಕಿದರು. ಅವನು ಹೇಳಿದ ಹಾಗೆಯೇ ಇತ್ತು. ಮಗು ಮಲಗುವವರೆಗೂ ಆ ಕೋಣೆಯಲ್ಲಿ ಯಾರೂ ಕೆಮ್ಮಲಿಲ್ಲ. ಕಾರ್ಖಾನೆಯವನು ರೀಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದ. ಮೇಡಂ ಸುತ್ತಿಟ್ಟ ಚಿತ್ರವನ್ನು ಬಿಚ್ಚಿದರು. ಎಂಜಿನಿಯರು ಕಿವಿಯಪ್ಪನ ಬೆನ್ನು ತಟ್ಟಿದರು. ಕಿವಿಯಪ್ಪ ಕುರ್ಚಿಯಲ್ಲಿ ಕುಸಿದು ಕೂತು, ಇನ್ನು ಜನ್ಮದಲ್ಲಿ ಯಾವುದನ್ನೂ ಆರಿಸುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ.

ಯಜಮಾನರು ಅಷ್ಟರಲ್ಲಿ ಅಜ್ಜಿಗೆ ಫೋನು ಮಾಡಿದ್ದರು.

“ಹೊಸ ಆಲ್ಬಮ್ಮಿಗೆ ಒಪ್ಪಿಗೆ ತಾನೇ ಅಮ್ಮ? ಸಂತೋಷ. ಇನ್ನೂ ಒಂಬತ್ತು ಹಾಡು ಬೇಕು. ಇದುವರೆಗೂ ರೆಕಾರ್ಡು ಮಾಡದೇ ಇರೋದು ನಿಮ್ಮ ಹತ್ರ ಎಷ್ಟಿದೆ?” ಅವರು ಕೇಳಿಸಿಕೊಂಡರು. ಹುಬ್ಬು ಮೇಲೇರಿತು. “ಮುನ್ನೂರ ಹನ್ನೆರಡಾ? ಅತ್ತೆಯವರ ಮೇಲಿನದ್ದು ಬಿಟ್ಟು?” ಇನ್ನಷ್ಟು ಕೇಳಿಸಿಕೊಂಡರು. “ಅದರ ಚಿಂತೆ ನಿಮಗೆ ಬೇಡಮ್ಮ. ಆರಿಸೋದಕ್ಕೆ ನಮ್ಮ ಕಿವಿಯಪ್ಪ ಇದ್ದಾನೆ. ಅವನಷ್ಟು ಚೆನ್ನಾಗಿ ಆರಿಸೋರು ಇನ್ಯಾರೂ ಇಲ್ಲ ಅಂತ ಈಗಷ್ಟೇ ಗೊತ್ತಾಯ್ತು. ನಾಳೆ ಬೆಳಿಗ್ಗೆನೇ ಕಳಿಸ್ತೀನಿ.”

ಕಿವಿಯಪ್ಪ ಏನೋ ಹೇಳಲು ತಲೆಯೆತ್ತಿದ. ಎಂಜಿನಿಯರು, ಮೇಡಂ, ಟೈಲರು ಮೂವರೂ ಆಗಲೇ ಕುರ್ಚಿ ಎಳೆದುಕೊಂಡು ಅವನ ಸುತ್ತ ಕೂತಿದ್ದರು.