ಹುಣಸೆಹಣ್ಣು ಹಚ್ಚಿ ಕಾರು ಬೆಳಗಿದ್ದು

ಎರಡರಲ್ಲಿ ಒಂದನ್ನು ಆರಿಸು ಎಂದರೆ ನನಗೆ ಕೈಕಾಲೇ ಆಡುವುದಿಲ್ಲ. ಮೂವತ್ತು ವರ್ಷ ಗ್ರಂಥಪಾಲಕನಾಗಿದ್ದವನು ನಾನು. ಯಾವ ಪುಸ್ತಕ ಕೇಳಿದರೂ ಕಣ್ಣು ಮುಚ್ಚಿಕೊಂಡು ಕಪಾಟು ತೋರಿಸುತ್ತಿದ್ದೆ. ಆದರೆ ‘ನೀವೇ ಒಂದು ಒಳ್ಳೇ ಪುಸ್ತಕ ಆರಿಸಿಕೊಡಿ ಸಾರ್’ ಎಂದವರಿಗೆ ಏಳು ಪುಸ್ತಕ ಹೊರಿಸಿ ಕಳಿಸುತ್ತಿದ್ದೆ. ಸಂತೆಯಲ್ಲಿ ನಾನು ಬದನೆಕಾಯಿ ಆರಿಸುವುದನ್ನು ನೋಡಿ ನೋಡಿ ಬೇಸತ್ತು ಮಾರುವವಳೇ ನಾಲ್ಕು ಎತ್ತಿ ಚೀಲಕ್ಕೆ ಹಾಕಿಬಿಡುತ್ತಾಳೆ. ಇಂಥ ನಾನು ಕಳೆದ ದಸರಾ ರಜೆಯಲ್ಲಿ ಕಾರಿನ ಗೀರು ತೆಗೆಯುವ ಪಾಲಿಶ್ ಮೆಷಿನ್ನು ಆರಿಸಬೇಕಾಗಿ ಬಂತು. ಕಾರು ಹೆಂಡತಿಯದು, ಗೀರು ಮಾತ್ರ ನನ್ನದು.

ನನ್ನ ಹೆಂಡತಿ ಸರೋಜ ಕಿಕ್ಕೇರಿ ಕಡೆ ಒಂದು ಶಾಲೆಯಲ್ಲಿ ಟೀಚರ್. ಪಾಂಡವಪುರದ ನಮ್ಮ ಮನೆಯಿಂದ ಎಷ್ಟೋ ವರ್ಷ ದಿನಾ ಎರಡು ಬಸ್ಸು ಬದಲಾಯಿಸಿ, ಅರ್ಧ ದಾರಿ ನಿಂತುಕೊಂಡೇ ಹೋಗಿ ಬಂದವಳು, ಐವತ್ತರ ಹತ್ತಿರ ಡ್ರೈವಿಂಗ್ ಕಲಿತು ಒಂದು ಕೆಂಪು ಕಾರು ಕೊಂಡಳು. ನಾನೂ ಜೊತೆಗೇ ಕಲಿಯಲು ಹೋಗಿದ್ದೆ. ಬ್ರೇಕೋ ಕ್ಲಚ್ಚೋ ಎಂದು ನಾನು ಆರಿಸುವಷ್ಟರಲ್ಲಿ ಕಲಿಸುವವರು ಪಕ್ಕದ ಸೀಟಿನಿಂದ ಇಳಿದುಬಿಟ್ಟರು. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಸರೋಜ ಪ್ರತಿದಿನ ಹೊರಡುವ ಮುಂಚೆ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸುತ್ತಾಳೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ತಲೆಯ ಮೇಲೆ ಹಾಗೆ ಕೈಯಾಡಿಸಿದ್ದು ನನಗೆ ನೆನಪಿಲ್ಲ.

ಆಯುಧಪೂಜೆಯ ದಿನ ಅವಳೇ ಬಾನೆಟ್ಟಿಗೆ ವಿಭೂತಿ ಪಟ್ಟೆ ಎಳೆದು, ಅರಿಶಿನ ಕುಂಕುಮ ಇಟ್ಟು, ಕುಂಬಳಕಾಯಿ ಒಡೆಸಿದಳು. ಹಬ್ಬ ಮುಗಿದ ಮೇಲೆ ನಾಗಮಂಗಲದ ಅವಳಕ್ಕ ಭಾವ ತಮ್ಮ ಕಾರಿನಲ್ಲಿ ಬಂದು ಅವಳನ್ನು ಒಂದು ವಾರಕ್ಕೆ ಕರೆದುಕೊಂಡು ಹೋದರು. ಹೋಗುವಾಗ ಸರೋಜ ಹೇಳಿದ್ದು ಒಂದೇ ಮಾತು. ‘ರೀ, ಇವತ್ತೇ ಬರೀ ನೀರು ಹಾಕಿ ಒರೆಸ್ಬುಡಿ, ಒಣಗಿದ್ರೆ ಹೋಗಲ್ಲ.’ ನಾನು ಹೂಂ ಎಂದೆ. ನೆನಪಾದದ್ದು ಮೂರನೆಯ ದಿನ. ಅಷ್ಟರಲ್ಲಿ ಎಲ್ಲ ಒಣಗಿ ಕಚ್ಚಿಕೊಂಡಿತ್ತು. ನೀರು ಹಾಕಿದೆ, ಹೋಗಲಿಲ್ಲ. ಆಗ ನನ್ನೊಳಗಿನ ಮಹಾನುಭಾವ ಎಚ್ಚರಗೊಂಡ. ಚಿಕ್ಕಂದಿನಲ್ಲಿ ಹಬ್ಬದ ಹಿಂದಿನ ದಿನ ಮನೆಯ ಹಿತ್ತಾಳೆ ಪಾತ್ರೆಯನ್ನೆಲ್ಲ ಬೆಳಗುತ್ತಿದ್ದವನು ನಾನೇ. ನನ್ನ ಕೈಯಲ್ಲಿ ಬೆಳಗಿದ ಚೊಂಬಿನಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಅವ್ವ ಊರಿಗೆಲ್ಲ ಹೇಳುತ್ತಿದ್ದಳು. ಸರಿ, ಒಂದು ಮುಷ್ಟಿ ಹುಣಸೆಹಣ್ಣು ನೆನೆಹಾಕಿ, ತೆಂಗಿನ ನಾರು ತಂದು, ಪಂಚೆ ಎತ್ತಿ ಕಟ್ಟಿ, ಕಾರನ್ನು ಬೆಳಗಿದೆ. ವಿಭೂತಿ ಹೋಯಿತು. ಅದರ ಜಾಗದಲ್ಲಿ ಬಾನೆಟ್ಟಿನ ತುಂಬ ಸುತ್ತು ಸುತ್ತು ಗೀರು ಎದ್ದು, ಕೆಂಪು ಬಣ್ಣ ಮಂಜು ಕವಿದಂತೆ ಮಂಕಾಯಿತು.

ಅವಳು ಬರಲು ನಾಲ್ಕು ದಿನ ಉಳಿದಿತ್ತು. ಕಾರನ್ನು ಎಲ್ಲಿಗೂ ಒಯ್ಯುವಂತಿಲ್ಲ, ಓಡಿಸಲು ನನಗೆ ಬರುವುದಿಲ್ಲ. ಮೊಬೈಲಿನಲ್ಲಿ ನೋಡಿದಾಗ ಗೀರು ತೆಗೆಯುವ ಮೆಷಿನ್ನಿನಲ್ಲಿ ಎರಡು ಜಾತಿ ಎಂದು ತಿಳಿಯಿತು. ಒಂದು ಬರೀ ತಿರುಗುತ್ತದೆ, ಇನ್ನೊಂದು ತಿರುಗುತ್ತಾ ಅಲ್ಲಾಡುತ್ತದೆ. ಎರಡರಲ್ಲಿ ಒಂದು. ನನ್ನ ಹಣೆಬರಹವೇ ಇಷ್ಟು. ಎರಡು ಪಟ್ಟಿ ಮಾಡಿ ಗುಣದೋಷ ಬರೆದೆ, ಎರಡೂ ಸಮಸಮವಾಯಿತು. ಯೋಚನೆ ಬಂದರೆ ಉಗುರು ಕಚ್ಚುವ ಕೆಟ್ಟ ಚಾಳಿ ನನಗೆ. ಆ ಸಂಜೆಗೆ ಹತ್ತು ಬೆರಳೂ ಬೋಳಾದವು.

ಮರುದಿನ ಬಸ್ಸು ಹತ್ತಿ ಕೆ.ಆರ್. ಪೇಟೆಗೆ ಹೋದೆ. ಅಲ್ಲಿ ಪರಿಚಯದ ಹಾರ್ಡ್‌ವೇರ್ ಅಂಗಡಿಯವರು ಬರೀ ತಿರುಗುವುದನ್ನೇ ಎತ್ತಿ ತೋರಿಸಿದರು. ‘ಇದ ತಕ್ಕೊಂಡೋಗಿ ಸಾ. ಗ್ರಾನೈಟ್ಗೂ ಆಯ್ತದೆ, ಕಬ್ಬುಣಕ್ಕೂ ಆಯ್ತದೆ, ನಿಮ್ ಕಾರ್ಗೂ ಆಯ್ತದೆ.’ ಗ್ರಾನೈಟು ಎಂದ ಕೂಡಲೇ ನಾನು ಅಂಗಡಿಯ ಮೆಟ್ಟಿಲಿಳಿದೆ. ಅಲ್ಲಿಂದ ಸೀದಾ ಶ್ರೀರಂಗಪಟ್ಟಣಕ್ಕೆ ಬಂದು, ವಾಹನಗಳಿಗೆ ಬಣ್ಣ ಹೊಡೆಯುವ ಜಬ್ಬಾರ್ ಸಾಬರ ಶೆಡ್ಡಿನ ಮುಂದೆ ನಿಂತೆ. ಸಾಲು ನಿಂತ ಗಾಡಿಗಳ ನಡುವೆ ಅವರಿಗೆ ತಲೆಯೆತ್ತಲೂ ಪುರುಸೊತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಒಮ್ಮೆ ನೋಡಿ, ‘ಏನಾಕಿ ಉಜ್ಜಿದ್ರಿ ಸಾರ್?’ ಎಂದರು. ಹೇಳಿದೆ, ಕಾರು ಟೀಚರ್ ಹೆಂಡತಿಯದು ಎಂಬುದನ್ನೂ ಸೇರಿಸಿ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಫೋಟೋವನ್ನು ಇನ್ನೊಮ್ಮೆ ನೋಡಿದರು.

‘ಯಾ ಅಲ್ಲಾ. ಮೂವತ್ತು ವರ್ಸ ಆಯ್ತು ಈ ಕೆಲ್ಸ ಹಿಡ್ದು, ಹುಣಸೆಹಣ್ಣು ಇದೇ ಮೊದ್ಲು’ ಎಂದು ಎದ್ದು ಕೂತರು. ‘ನೋಡಿ ಸಾರ್, ಬರೀ ತಿರ್ಗೋದು ಉಸ್ತಾದ್ ಕೈಗೆ. ನೀವು ಹಿಡುದ್ರೆ ಪೇಂಟು ಸುಟ್ಟೋಯ್ತದೆ. ಅಲ್ಲಾಡೋದು ತಕ್ಕೊಳ್ಳಿ, ಮೆತ್ತನೆ ಸ್ಪಂಜು ಹಾಕ್ಕೊಳ್ಳಿ, ಪಾಲಿಶ್ ಹಚ್ಚಿ ನಿಧಾನಕ್ಕೆ ಬುಡಿ. ಆದ್ರೆ ಮೊದ್ಲು ಗೀರಿನ ಮೇಲೆ ಉಗುರಾಡ್ಸಿ. ಉಗುರು ಸಿಕ್ಕಾಕ್ಕೊಳ್ತೋ, ಗೀರು ಆಳಕ್ಕೆ ಇಳ್ದದೆ ಅಂತ, ಯಾವ ಮೆಷಿನ್ನೂ ಬ್ಯಾಡ. ಟೀಚರಮ್ಮಂಗೆ ನಿಜ ಹೇಳ್ಬುಡಿ, ಬಸ್.’

ಅವರು ಹೇಳಿದ ಮೆಷಿನ್ನನ್ನೇ ಶ್ರೀರಂಗಪಟ್ಟಣದಲ್ಲಿ ಕೊಂಡು ಮನೆಗೆ ಬಂದೆ. ಬಾನೆಟ್ಟಿನ ಮುಂದೆ ನಿಂತು ಬೆರಳು ನೋಡಿಕೊಂಡರೆ ಉಗುರೇ ಇಲ್ಲ. ಬೆರಳ ತುದಿ ಎಲ್ಲಿ ಆಡಿಸಿದರೂ ನುಣ್ಣಗೇ ಜಾರುತ್ತಿತ್ತು, ಅದನ್ನು ನಂಬುವುದು ಹೇಗೆ. ಉಗುರು ಬೆಳೆಯಲು ಕಾಯುವಷ್ಟು ದಿನ ನನ್ನ ಬಳಿ ಇರಲಿಲ್ಲ. ಬೇರೆ ದಾರಿ ಕಾಣದೆ, ಕಾಂಪೌಂಡಿನಾಚೆ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆ ಜಯಮ್ಮನನ್ನು ಕರೆದು, ಅವಳ ಉಗುರನ್ನು ಎರಡು ನಿಮಿಷಕ್ಕೆ ಸಾಲ ಕೇಳಿದೆ. ಅವಳು ನನ್ನನ್ನೂ ಕಾರನ್ನೂ ನೋಡಿ, ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಉಗುರು ಎಳೆದಳು.

‘ಏನೂ ಸಿಕ್ತಾ ಇಲ್ಲ ಕಣಣ್ಣ’ ಎಂದಳು. ‘ಯಾಕಂಗೆ ಬೆವರ್ತಿದ್ದೀಯ?’

ಹುಣಸೆಹಣ್ಣಿನ ಕತೆಯೆಲ್ಲ ಹೇಳಿ, ಸರೋಜಳಿಗೆ ಮಾತ್ರ ಹೇಳಬೇಡ ಎಂದು ಕೈಮುಗಿದೆ. ‘ನಾನ್ಯಾಕೇಳ್ಲಿ ಬುಡಣ್ಣ’ ಎಂದು ಅವಳು ಅವರೆಕಾಯಿಗೆ ವಾಪಸಾದಳು.

ಎರಡು ದಿನ ಮೆಷಿನ್ನು ಹಿಡಿದು ಬಾನೆಟ್ಟಿನ ಮೇಲೆ ಅಂಗೈ ಅಗಲ ಅಂಗೈ ಅಗಲವಾಗಿ ಸರಿದೆ. ಅದು ಅಲ್ಲಾಡುತ್ತಿತ್ತು, ನಾನೂ ಅಲ್ಲಾಡುತ್ತಿದ್ದೆ. ಮೊದಲ ಸಲ ಒರೆಸಿ ನೋಡಿದಾಗ ಮಂಜಿನ ಒಳಗಿಂದ ಕೆಂಪು ಎದ್ದು ಬಂದಿತ್ತು. ಅಷ್ಟು ನೆಮ್ಮದಿ ನನಗೆ ನಿವೃತ್ತಿಯ ದಿನವೂ ಆಗಿರಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದೆ.

ಭಾನುವಾರ ಸರೋಜ ಬಂದಳು. ಬ್ಯಾಗು ಕೆಳಗಿಟ್ಟವಳೇ ಅಭ್ಯಾಸದಂತೆ ಬಾನೆಟ್ಟಿನ ಮೇಲೆ ಕೈಯಾಡಿಸಿದಳು. ನಾನು ಆಕಾಶ ನೋಡುತ್ತಾ ನಿಂತೆ. ಕೈಯಾಡಿಸಿದವಳು ಬೆರಳು ಬಗ್ಗಿಸಿ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಉಗುರು ಎಳೆದಳು.

‘ಜಯಮ್ಮನ ಉಗುರಿಗೆ ಸಿಗದೇ ಇದ್ದದ್ದು ನನ್ನ ಉಗುರಿಗೂ ಸಿಗ್ಲಿಲ್ಲ ಬುಡಿ’ ಎಂದಳು.

‘ಗೊತ್ತಿದ್ದೂ ಫೋನಿನಲ್ಲಿ ಯಾಕೆ ಕೇಳಲಿಲ್ಲ?’ ಎಂದೆ.

‘ಕೇಳಿದ್ರೆ ನೀವು ಕೆಲ್ಸ ಬಿಟ್ಟು ಕ್ಷಮೆ ಕೇಳ್ಕೊಂಡು ಕೂತಿರ್ತಿದ್ರಿ. ಈಗ ನೋಡಿ, ಬಾನೆಟ್ಟು ಹೊಸದಾಗೈತೆ. ಬಾಗಿಲುಗಳೇ ಹಳೇವಾಗಿ ಕಾಣ್ತಾವೆ. ಯಾವ ಕಡೆಯಿಂದ ಶುರು ಮಾಡ್ತೀರೋ ನೀವೇ ಆರಿಸ್ಕೊಳ್ಳಿ.’

ಎಡಗಡೆಯೋ ಬಲಗಡೆಯೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ. ಮನೆಯ ಹುಣಸೆಹಣ್ಣಿನ ಡಬ್ಬ ಮಾತ್ರ ಅಂದಿನಿಂದ ನನ್ನ ಕಣ್ಣಿಗೆ ಬಿದ್ದಿಲ್ಲ. ಸಾರು ಹುಳಿಯಾಗಿಯೇ ಇರುವುದರಿಂದ ಅದು ಎಲ್ಲೋ ಇದೆ ಎಂದು ತಿಳಿದುಕೊಂಡು, ಕೇಳುವ ಗೋಜಿಗೆ ಹೋಗದೆ ಉಣ್ಣುತ್ತಿದ್ದೇನೆ.