ಖಾಲಿ ಬಿಟ್ಟ ಕೊನೆಯ ಕಾಲಂ

ತಪ್ಪು ಹುಡುಕುವುದರಲ್ಲಿ ನಾನು ಭಾರಿ ಚುರುಕು. ಯಜಮಾನರು ಬರೆದ ಕಿರಾಣಿ ಚೀಟಿಗೂ ಕೆಂಪು ಪೆನ್ನಿನಲ್ಲಿ 'ಮಾರ್ಜಿನ್ ಬಿಟ್ಟಿಲ್ಲ' ಎಂದು ಬರೆದವಳು. "ಬೆಲ್ಲಾ ಬೇಕೋ, ಮಾರ್ಜಿನ್ ಬೇಕೋ, ಒಂದರ ಹೇಳ" ಎಂದು ಅವರು ಚೀಲ ಹಿಡಿದು ಜಲನಗರದ ಅಂಗಡಿಗೆ ಹೋದರು. ವಿಜಯಪುರದ ನರ್ಸಿಂಗ್ ಕಾಲೇಜೊಂದರಲ್ಲಿ ಹದಿನೆಂಟು ವರ್ಷ ಪಾಠ ಮಾಡಿ ಅಂಟಿದ ಚಟ ಇದು ಎಂದು ಹೇಳಿಕೊಂಡು ತಿರುಗುತ್ತೇನೆ.

ಹೋದ ವರ್ಷ, ಹುಡುಗಿಯರು ದಣಿದಿದ್ದಾರೆಂದು ಪ್ರಾಂಶುಪಾಲರು ನನಗೆ 'ನಮ್ಮ ಮೇಲೆ ನಮಗೇ ಕರುಣೆ' ಎಂಬ ಉಪನ್ಯಾಸ ಮಾಡಲು ಹೇಳಿದರು. ಮಾಡಿದೆ. ರಜೆಯ ಭಾನುವಾರ, ಹಾಜರಿ ಕಡ್ಡಾಯ! ರಾತ್ರಿ ಪಾಳಿ ಮುಗಿಸಿ ಐದು ನಿಮಿಷ ತಡವಾಗಿ ಬಂದ ಹೊನವಾಡದ ಸವಿತಾಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಕರುಣೆಯ ಬಗ್ಗೆ ಒಂದು ತಾಸು ಕೊರೆದೆ. ಚಪ್ಪಾಳೆಯೂ ಬಿತ್ತು.

ಮರುವಾರ ಕೇರ್ ಪ್ಲಾನ್ ಪುಸ್ತಕಗಳು ತಿದ್ದಲು ಬಂದವು. ರೋಗಿಯ ತೊಂದರೆ ಏನು, ಏನು ಆರೈಕೆ ಮಾಡಿದಿರಿ, ಕೊನೆಗೆ ಫಲ ಏನಾಯಿತು ಎಂದು ಕಾಲಂ ಹಾಕಿ ಬರೆಯುವ ಪುಸ್ತಕಗಳವು. ಸವಿತಾ ಬರೆದಿದ್ದಳು: 'ಹೆಣ್ಣು, ವಯಸ್ಸು ಇಪ್ಪತ್ತು. ಊಟ ಸೇರುವುದಿಲ್ಲ. ನಿದ್ದೆಯಿಲ್ಲ. ಕಾರಣವಿಲ್ಲದೆ ಅಳುತ್ತಾಳೆ. ತನ್ನಿಂದ ಯಾರಿಗೂ ಉಪಯೋಗವಿಲ್ಲ ಅನ್ನುತ್ತಾಳೆ. ವಾರ್ಡ್ ನಂಬರ್ ಆರು.' ಕೊನೆಯ ಕಾಲಂ ಖಾಲಿ. ನಮ್ಮ ಆಸ್ಪತ್ರೆಯಲ್ಲಿ ಇರುವುದು ಐದೇ ವಾರ್ಡು. ಸಿಕ್ಕಿತಲ್ಲ ತಪ್ಪು! 'ವಾರ್ಡ್ ನಂಬರ್ ತಪ್ಪು. ಫಲ ಬರೆದಿಲ್ಲ. ಮತ್ತೆ ಬರಿ' ಎಂದು ಗೀಚಿ ಸಹಿ ಹಾಕಿದೆ.

ಅವಳು ಮತ್ತೆ ಬರೆಯಲಿಲ್ಲ. ಗಂಟುಮೂಟೆ ಕಟ್ಟಿ ಊರಿಗೆ ಹೋದಳು. ಪುಸ್ತಕ ವಾಪಸು ತಂದುಕೊಟ್ಟ ಅವಳ ಗೆಳತಿ ಹೇಳಿದಳು: "ಮೇಡಂ, ಆ ಪೇಶಂಟ್ ಆಕೀನ ಇದ್ಲರಿ. ಹಾಸ್ಟೆಲ್‌ನ್ಯಾಗ ನಮ್ಮದು ಆರನೇ ನಂಬರ್ ಖೋಲಿ. ಓದಿ ನೀವರ ಕೇಳ್ತೀರಿ ಅಂತ ಮಾಡಿದ್ಲು." ಹದಿನೆಂಟು ವರ್ಷದ ಸರ್ವಿಸು! ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತೋ.

ಮರುದಿನವೇ ತಿಕೋಟಾ ಮೇಲೆ ಹೋಗುವ ಹೊನವಾಡದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತು ಜೋಡಿಸಿಕೊಂಡು, ಅದರಲ್ಲೂ ಎರಡು ಸಲ ತಪ್ಪು ತಿದ್ದಿದೆ. ಅವಳ ಅವ್ವ ಬಾಗಿಲಿಗೇ ಬಂದಳು. "ಒಳಗ ಬರ್ರಿ ಮೇಡಂ. ದವಾಖಾನಿಗೆ ತೋರ್ಸೇವ್ರಿ. ಈಗ ಒಂಚೂರು ಉಣ್ಣಾಕತ್ತಾಳ." ಸವಿತಾಳನ್ನು ನೋಡಿದ್ದೇ ತಡ, ಜೋಡಿಸಿದ್ದೆಲ್ಲ ಮರೆತುಹೋಯಿತು.

"ತಪ್ಪಾತವಾ. ನಾ ನೋಡ್ಲಿಲ್ಲ" ಅಂದೆ.

ಅವಳು ನನಗೆ ಚಾಪೆ ಹಾಸಿದಳು. "ಕಾಲೇಜಿಗೆ ಬರೂದು ಇನ್ನ ಗೊತ್ತಿಲ್ರಿ ಮೇಡಂ" ಎಂದು, ನನ್ನ ಮುಖ ನೋಡಿ, "ಭಾಳ ಸೊರಗೀರಲ್ರಿ. ಊಟಾ ಮಾಡೀರೇನ್ರಿ?" ಎಂದು ಕೇಳಿದಳು. ನಾನು ಅವಳಿಗೆ ಒಂದು ದಿನವೂ ಕೇಳದ ಮಾತು. ಅವಳ ಮುಂದೆಯೇ ಕೂತು, ರೊಟ್ಟಿ ಮುರಿಯುತ್ತಾ ಅತ್ತುಬಿಟ್ಟೆ.

ಮನೆಗೆ ಬಂದು ಆ ಪುಟವನ್ನು ಮೊದಲ ಸಲ ಪೂರ್ತಿ ಓದಿದೆ. ಎಷ್ಟು ಹುಡುಕಿದರೂ ಒಂದೂ ತಪ್ಪಿರಲಿಲ್ಲ, ಕೆಂಪು ಅಕ್ಷರಗಳನ್ನು ಬಿಟ್ಟರೆ.