ವಾಸಣ್ಣನ ಉತ್ತರಕ್ಕೆ ನನ್ನ ಕೆಂಪು ಶಾಯಿ

ಅಮೆರಿಕದ ರಾಜಕಾರಣದ ಬಗ್ಗೆ ನನಗೆ ಗೌರವವಿರುವುದು ಒಂದೇ ಕಾರಣಕ್ಕೆ: ಅಲ್ಲಿ ಮನುಷ್ಯ ಪಕ್ಕ ಬದಲಿಸಿದ್ದಕ್ಕೂ ತಾರೀಕು ಸಿಗುತ್ತದೆ. ನಿನ್ನೆಯವರೆಗೆ ಶಾಸನಸಭೆಯಲ್ಲಿ ಕುಳಿತು ಉದ್ಯಮಗಳಿಗೆ ಮೂಗುದಾರ ಹಾಕುತ್ತೇನೆಂದವನು, ಸೋತ ಮೇಲೆ ಅದೇ ಉದ್ಯಮದ ವಕಾಲತ್ತು ಹಿಡಿದು ಅದೇ ಸಭೆಯವರ ಬಾಗಿಲು ತಟ್ಟುತ್ತಾನೆ. ಆದರೆ ಆ ಕೆಲಸಕ್ಕೆ ದಫ್ತರಿನಲ್ಲಿ ಹೆಸರು ನೋಂದಾಯಿಸಬೇಕಂತೆ. ಯಾರ ಪರ, ಯಾವ ವಿಷಯಕ್ಕೆ, ಎಂದಿನಿಂದ ಎಂಬುದು ಬರಹದಲ್ಲಿ ಉಳಿಯುತ್ತದಂತೆ. ಶಿಲಾಲೇಖಗಳ ಕಾಲನಿರ್ಣಯದಲ್ಲಿ ಕಣ್ಣು ಸವೆಸಿಕೊಂಡ ನನ್ನಂಥ ನಿವೃತ್ತ ಸಂಶೋಧಕನಿಗೆ ನಾಗರಿಕತೆಯ ಲಕ್ಷಣ ಇದಕ್ಕಿಂತ ಬೇರೆ ಬೇಕಿಲ್ಲ. ನಮ್ಮಲ್ಲಿ ಇಂಥವರ ತಾರೀಕು ಹುಡುಕುವುದಕ್ಕೆ ಮದುವೆಯ ಆಮಂತ್ರಣಗಳನ್ನೂ ಬಿಸಿಲಿಗೆ ಬಿಳುಚಿದ ಫ್ಲೆಕ್ಸುಗಳನ್ನೂ ಆಧಾರವಾಗಿಟ್ಟುಕೊಳ್ಳಬೇಕಾಗುತ್ತದೆ.

ತಾರೀಕಿನ ವಿಷಯದಲ್ಲಿ ನನ್ನದು ಕಾಯಿಲೆಯೆಂದು ಹೆಂಡತಿ ಸುಮತಿಯ ಅಭಿಪ್ರಾಯ. ಬಂಟ್ವಾಳದ ಸಂಬಂಧಿಕರೊಬ್ಬರ ಉತ್ತರಕ್ರಿಯೆಗೆ ಹೋದಾಗ, ಕಾರ್ಡಿನಲ್ಲಿ ಅಚ್ಚಾದ ತಿಥಿಗೂ ತಾರೀಕಿಗೂ ಹೊಂದುವುದಿಲ್ಲವೆಂದು ಸತ್ತವರ ಮಗನನ್ನು ಊಟದ ಪಂಕ್ತಿಯಿಂದ ಬದಿಗೆ ಕರೆದು ವಿವರಿಸಿದ್ದೆ. ಅಂದಿನಿಂದ ಆ ಮನೆಯವರು ಶುಭಕ್ಕಾಗಲಿ ಅಶುಭಕ್ಕಾಗಲಿ ನನಗೆ ಕಾರ್ಡು ಕಳುಹಿಸಿಲ್ಲ. ತಿಥಿ ತಪ್ಪಾಗಿದ್ದದ್ದಂತೂ ನಿಜ.

ಇನ್ನು ವಾಸಣ್ಣ. ಈತ ಬೆಳ್ತಂಗಡಿ ಕಡೆಯವನು, ಪಂಚಾಯತಿನ ಮಾಜಿ ಸದಸ್ಯ. ವೇಣೂರಿನ ದಾರಿಯಲ್ಲಿ ಒಂದು ದೊಡ್ಡ ಪಾದೆಯಿದೆ, ಕಪ್ಪು ಕಲ್ಲಿನ ಬೋಳು ಗುಡ್ಡ. ಅದರ ಬುಡದಲ್ಲಿ ಸುಮತಿಯ ತಂಗಿ ಜಲಜಳ ಮನೆ. ಮನೆಯಲ್ಲಿ ಅವಳೊಬ್ಬಳೇ; ಬಟ್ಟೆ ಹೊಲಿದು ಬದುಕುವವಳು. ಪಾದೆಯಲ್ಲಿ ಕಲ್ಲಿನ ಕೋರೆ ಬರುತ್ತದೆಂಬ ಸುದ್ದಿ ಹಬ್ಬಿದಾಗ ವಾಸಣ್ಣ ಅದರ ನೆತ್ತಿಗೇರಿ, "ಮೊದಲು ನನ್ನನ್ನು ಸಿಡಿಸಿ, ಆಮೇಲೆ ಕಲ್ಲನ್ನು ಸಿಡಿಸಿ" ಎಂದು ಗರ್ಜಿಸಿದ್ದ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಮುಂದಿನ ಚುನಾವಣೆಯಲ್ಲಿ ಆತ ಸೋತ. ಕೋರೆ ಮಾಲಕರ ಸಂಘದ ಸಲಹೆಗಾರನಾದ. ಹೋಗುತ್ತಿದ್ದದ್ದು ಹಿಂದಿನ ಕಚೇರಿಗಳಿಗೇ, ಕುಡಿಯುತ್ತಿದ್ದದ್ದು ಹಿಂದಿನವರೇ ತರಿಸಿಕೊಟ್ಟ ಚಹಾ. ಕೋರೆ ಬಂತು. ಸಿಡಿದದ್ದು ಕಲ್ಲು ಮಾತ್ರ.

ಜಲಜಳ ಗೋಡೆಗಳಲ್ಲಿ ಗೆರೆಗಳು ಮೂಡಿದವು. ಬಾವಿಯ ನೀರು ಗಂಜಿತಿಳಿಯಂತಾಯಿತು. ಕೋರೆಯ ಪರವಾನಿಗೆ ನವೀಕರಣಕ್ಕೆ ಬಂದಾಗ ಅವಳೂ ನೆರೆಕರೆಯವರೂ ಆಕ್ಷೇಪ ಸಲ್ಲಿಸಿದರು. ನವೀಕರಣವಾದರೆ ಕೋರೆ ಮನೆಯ ಬೇಲಿಯವರೆಗೆ ಇಳಿಯುವುದರಲ್ಲಿತ್ತು. ತಡೆಯಲು ಅವಳಿಗಿದ್ದ ದಾರಿ ಆ ಆಕ್ಷೇಪದ ವಿಚಾರಣೆಯೊಂದೇ.

ವಿಚಾರಣೆಗೆ ಒಂದು ವಾರವಿರುವಾಗ ವಾಸಣ್ಣ ಮೂಡುಬಿದಿರೆಯ ನಮ್ಮ ಮನೆಗೆ ಬಂದ. ಕೈಯಲ್ಲಿ ಆಕ್ಷೇಪಗಳಿಗೆ ಸಂಘ ಕೊಡಬೇಕಾದ ಉತ್ತರದ ಕರಡು, ಅದಕ್ಕೊಂದು ಕಟ್ಟು ಲಗತ್ತು.

"ಸಾರ್, ಇದೊಂದು ನೋಡಿ ಕೊಡ್ಬೇಕು. ನಿಮ್ಮ ಅಭಿಪ್ರಾಯ ಬೇಡ, ಭಾಷೆ ಮಾತ್ರ."

ನಾನು ಸಿದ್ಧನಾಗಿಯೇ ಇದ್ದೆ. ಆತನ ಸಾರ್ವಜನಿಕ ಜೀವನದ ಘಟ್ಟಗಳನ್ನು ತಾರೀಕುವಾರು ಬರೆದಿಟ್ಟ ಟಿಪ್ಪಣಿಯೊಂದು ನನ್ನಲ್ಲಿತ್ತು: ಪಾದೆಯ ಭಾಷಣ, ಸೋಲು, ಸಂಘದ ನೌಕರಿ. ತೀರ್ಪು ಓದುವ ನ್ಯಾಯಾಧೀಶನ ಗತ್ತಿನಲ್ಲಿ ಅದನ್ನು ಓದಿದೆ. ವಾಸಣ್ಣ ಗೋಳಿಬಜೆಯನ್ನು ಚಟ್ನಿಗೆ ಅದ್ದುತ್ತಾ ಕೊನೆಯವರೆಗೆ ಕೇಳಿದ.

"ಎಲ್ಲ ಸರಿ ಉಂಟು ಸಾರ್. ಒಂದು ಮಾತ್ರ ತಪ್ಪು. ಸೋತ ಮೇಲೆ ಸಂಘಕ್ಕೆ ಸೇರಿದ್ದು ಅಂತ ಬರ್ದಿದ್ದೀರಲ್ಲ? ಅಲ್ಲ ಮಾರಾಯ್ರೆ, ಮತ ಎಣಿಸುವ ಮೊದಲೇ ಮಾತಾಗಿತ್ತು. ಗೆದ್ರೆ ಒಳಗಿಂದ, ಸೋತ್ರೆ ಹೊರಗಿಂದ."

"ಆಧಾರ?" ಎಂದೆ.

"ನಾನೇ ಕೂತಿದ್ದೇನಲ್ಲ ಸಾರ್ ಎದುರು!"

ಪ್ರತ್ಯಕ್ಷ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ. ಟಿಪ್ಪಣಿಯನ್ನು ತಿದ್ದಿಕೊಂಡು ಆತನಿಗೆ ಧನ್ಯವಾದ ಹೇಳಿದೆ. ಹೇಳಿದ ಮೇಲೆ ಬೈಯುವುದು ಹೇಗೆ? ಅಷ್ಟರಲ್ಲಿ ಕರಡಿನ ಮೊದಲ ಪುಟದ ಮೇಲೆ ನನ್ನ ಕಣ್ಣು ಬಿದ್ದಿತ್ತು. ಅಲ್ಲಿ ಬರೆದ ತಾರೀಕುಗಳ ಪ್ರಕಾರ ಗ್ರಾಮಸಭೆ ನಡೆಯುವ ಮೊದಲೇ ಅದರ ನಿರ್ಣಯದ ಪ್ರತಿ ಕಚೇರಿಗೆ ಮುಟ್ಟಿತ್ತು. ಎರಡನೆಯ ಪುಟದಲ್ಲಿ ಸ್ಥಳ ಪರಿಶೀಲನೆ ಒಂದು ವರ್ಷ ಹಿಂದಕ್ಕೆ ಸರಿದಿತ್ತು. ನನ್ನ ಕೈ ನನ್ನನ್ನು ಕೇಳದೆ ಕೆಂಪು ಪೆನ್ನು ತೆಗೆದುಕೊಂಡಿತು. ಒಂದೊಂದು ತಾರೀಕನ್ನೂ ಲಗತ್ತಿನ ದಾಖಲೆಗಳೊಡನೆ ತಾಳೆ ನೋಡಿ, ಅವು ಹೇಳುವಂತೆಯೇ ಸರಿಪಡಿಸಿ, ಕೊನೆಗೆ ಕಾಲಾನುಕ್ರಮದ ಪಟ್ಟಿಯೊಂದನ್ನೂ ಜೋಡಿಸಿದೆ. ಪಟ್ಟಿಯನ್ನು ಯಾರೂ ಕೇಳಿರಲಿಲ್ಲ.

ಆತ ಹೋದ ಮೇಲೆ ಸುಮತಿ ಬಂದು ನಿಂತಳು.

"ಅವನಿಗೆ ಎಂತ ಬರ್ದು ಕೊಟ್ಟಿರಿ?"

"ಬರೆಯಲಿಲ್ಲ, ತಿದ್ದಿದೆ. ತಾರೀಕು ಮಾತ್ರ. ಅದರಲ್ಲಿ ಪಕ್ಷಪಾತ ಎಲ್ಲಿಂದ ಬಂತು?"

"ಜಲಜನ ಗೋಡೆಗೆ ಇದನ್ನೇ ಹೇಳ್ತೀರಾ?" ಎಂದು ಕೇಳಿ ಒಳಗೆ ಹೋದಳು.

ಆಕ್ಷೇಪ ತಿರಸ್ಕೃತವಾಯಿತು. ಕೋರೆ ಬೇಲಿಯವರೆಗೆ ಇಳಿಯಿತು. ಒಂದು ಮಧ್ಯಾಹ್ನದ ಸ್ಫೋಟಕ್ಕೆ ಬಾವಿಯ ತಳದ ಕಲ್ಲು ಸೀಳಿ, ಇದ್ದ ನೀರೂ ಸಂಜೆಯೊಳಗೆ ಇಂಗಿಹೋಯಿತು. ಗೋಡೆಯ ಬಿರುಕಿನಲ್ಲಿ ಕೈ ತೂರುವಂತಾದ ಮೇಲೆ ಜಲಜ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದಳು. ಬಸ್ಸಿನಲ್ಲಿ ಅವಳು ತಂದದ್ದು ಎರಡು ಚೀಲ ಬಟ್ಟೆ, ಗೋಣಿಯಲ್ಲಿ ಸುತ್ತಿದ ಹೊಲಿಗೆ ಮಿಷನ್ನಿನ ತಲೆ. ಮಿಷನ್ನಿಗೆ ನನ್ನ ಓದುವ ಕೋಣೆಯಲ್ಲಿ ಜಾಗ ಮಾಡಿದೆವು. ನನ್ನ ಪುಸ್ತಕಗಳ ಮೇಲೆ ನೂಲಿನ ಚೂರು ಬಿದ್ದರೆ ಅವಳು ಗಾಬರಿಯಿಂದ ಒರೆಸುತ್ತಾಳೆ. ಒರೆಸಬೇಡವೆನ್ನುವ ಧೈರ್ಯವೂ ನನಗಿಲ್ಲ.

ಮೊನ್ನೆ ಬೆಳಿಗ್ಗೆ, ಸುಮತಿ ಬಸಳೆ ಹೆಚ್ಚುತ್ತಿರುವಾಗ ಜಲಜ ಕೇಳಿದಳು:

"ಭಾವ, ನಮ್ಮ ವಕೀಲರು ಹೇಳಿದ್ರು, ಅಷ್ಟು ಚೊಕ್ಕದ ಉತ್ತರ ಅವರು ನೋಡಿದ್ದೇ ಇಲ್ಲವಂತೆ. ಎರಡು ತಾರೀಕು ತಪ್ಪಿದ್ರೂ ಸಾಕಿತ್ತು, ಅದನ್ನೇ ಹಿಡ್ಕೊಂಡು ನಿಲ್ಲಿಸ್ತಿದ್ದೆ ಅಂದ್ರು. ಅದು ವಾಸಣ್ಣ ಬರ್ದದ್ದಲ್ಲ. ಅವನಿಗೆ ಅವನ ಮಕ್ಕಳು ಹುಟ್ಟಿದ ದಿನವೇ ನೆನಪಿಲ್ಲ. ಯಾರಿರಬಹುದು? ಇಲ್ಲಿ ಬರೆಯುವವರೆಲ್ಲ ನಿಮಗೆ ಗೊತ್ತಲ್ವಾ?"

ಸುಮತಿಯ ಕತ್ತಿ ನಿಂತಿತು. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

"ಲಭ್ಯವಿರುವ ಆಧಾರಗಳಿಂದ ಖಚಿತವಾಗಿ ಹೇಳುವಂತಿಲ್ಲ," ಎಂದೆ.

"ನೀವೇ ಹಾಗೆ ಹೇಳಿದ ಮೇಲೆ ಇನ್ನು ಯಾರ ಹತ್ರ ಕೇಳುವುದು?" ಎನ್ನುತ್ತಾ ಜಲಜ ಮಿಷನ್ನಿಗೆ ಎಣ್ಣೆ ಬಿಡಲು ಎದ್ದುಹೋದಳು.

ನನ್ನ ಇಡೀ ಸಂಶೋಧನಾ ಜೀವನದಲ್ಲಿ ಯಾರೂ ಮರುಪ್ರಶ್ನೆ ಹಾಕದೆ ಒಪ್ಪಿಕೊಂಡ ನಿರ್ಣಯ ಅದೊಂದೇ.